ಕತ್ತಾಳೆ ಹಲಗೆಯ ಎರಡು ಮಗ್ಗುಲು

ಮಾಲೂರಿನ ನನ್ನ ಶೆಡ್ಡಿಗೆ ಬರುವವರು ಕೇಳುವುದು ನೀರಿನ ತೊಟ್ಟಿ, ಬಚ್ಚಲುಮನೆ ಬಾಗಿಲು, ಇಲ್ಲವೇ ಮದುವೆ ಛತ್ರದ ಮುಂದೆ ನಿಲ್ಲಿಸುವ ಆನೆ. ಎಲ್ಲವೂ ಫೈಬರ್. ಆನೆಯ ಎಡಗಿವಿ ಬಲಗಿವಿಗಿಂತ ಬೆರಳಷ್ಟು ದೊಡ್ಡದಾದರೂ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಅಂಥದ್ದರಲ್ಲಿ ಒಬ್ಬರು ಬಂದು, ಎರಡು ಮಗ್ಗುಲೂ ಬೇರೆ ಬೇರೆಯಾಗಿರುವ ಹಲಗೆ ಬೇಕು ಎಂದಾಗ ನಾನು ಮೊದಲು ಅವರ ಮುಖ ನೋಡಿದೆ. ತಮಾಷೆ ಮಾಡುವ ಮುಖ ಅಲ್ಲ.

ಅವರು ಕೋಲಾರದ ಒಂದು ಕಾಲೇಜಿನಲ್ಲಿ ಆಟ ಕಲಿಸುವವರು. ಎಲ್ಲರೂ ಪಿ.ಟಿ. ಮೇಡಂ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಹುಟ್ಟೂರು ಮಂಗಳೂರಿನಾಚೆ ಕಡಲ ದಂಡೆ. ಚಿಕ್ಕಂದಿನಿಂದ ಸರ್ಫಿಂಗ್ ಮಾಡಿದವರು, ಎಂದರೆ ಉದ್ದನೆಯ ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯ ಮೈಮೇಲೆ ಜಾರಿಕೊಂಡು ಹೋಗುವವರು. ಕೋಲಾರಕ್ಕೆ ಬಂದ ಮೇಲೂ ಬಿಡದೆ, ರಜೆ ಸಿಕ್ಕಾಗ ಚೆನ್ನೈ ಕಡೆಯ ಸಮುದ್ರಕ್ಕೆ ಹೋಗಿ ಬರುತ್ತಿದ್ದರು. ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಬಲಗಾಲಿನ ಪಾದದ ಕೀಲು ಮುರಿದ ಮೇಲೆ ಅದು ನಿಂತಿತ್ತು.

"ಡಾಕ್ಟ್ರು ನೀರಿಗೆ ಹೋಗ್ಬಹುದು ಅಂದ್ರು. ಹೋದೆ. ಬಲಕ್ಕೆ ತಿರುಗ್ಲಿಕ್ಕೆ ಆಗ್ತದೆ ಅಣ್ಣ. ಎಡಕ್ಕೆ ತಿರುಗ್ಲಿಕ್ಕೆ ಹೋದ್ರೆ ಬೀಳ್ತೇನೆ ಮಾರಾಯ್ರೆ, ಪ್ರತೀ ಸಲ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಶೆಡ್ಡಿನಲ್ಲಿ ಬಿದ್ದಿದ್ದ ಪೈಪಿನ ತುಂಡೊಂದನ್ನು ನೆಲದ ಮೇಲಿಟ್ಟು, ಅದರ ಮೇಲೆ ಉದ್ದುದ್ದಕ್ಕೆ ಒಂದು ಹಲಗೆ ಇಟ್ಟು, ಎಡಗಾಲು ಮುಂದೆ ಬಲಗಾಲು ಹಿಂದೆ ಮಾಡಿ ಅಡ್ಡವಾಗಿ ಹತ್ತಿ ನಿಂತರು. ಹಾಗೆ ನಿಂತಾಗ ಕಾಲ್ಬೆರಳುಗಳು ಹಲಗೆಯ ಬಲ ಅಂಚಿಗೆ, ಹಿಮ್ಮಡಿಗಳು ಎಡ ಅಂಚಿಗೆ ಬರುತ್ತವೆ. ಬೆರಳ ಮೇಲೆ ಭಾರ ಹಾಕಿದರು, ಹಲಗೆ ಬಲಕ್ಕೆ ವಾಲಿತು. ಹಿಮ್ಮಡಿಯ ಮೇಲೆ ಭಾರ ಹಾಕಲು ಹೋದರು. ಪ್ಲೇಟು ಕೂರಿಸಿದ ಕೀಲು ಮಡಚಲೇ ಇಲ್ಲ. ಸೊಂಟ ಹಿಂದಕ್ಕೆ ಹೋಯಿತು, ಅವರು ನನ್ನ ತೊಟ್ಟಿಯ ಅಚ್ಚಿನ ಮೇಲೆ ಕುಕ್ಕರುಬಡಿದರು.

ಎದ್ದು ಮೈ ಕೊಡವಿಕೊಂಡು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು. ಬೆರಳ ಕಡೆಯ ಅಂಚು ಉದ್ದ, ನೇರ. ಹಿಮ್ಮಡಿ ಕಡೆಯದು ಗಿಡ್ಡ, ಬಾಲದ ಹತ್ತಿರ ಹೆಚ್ಚು ದುಂಡಗೆ. ದುಂಡಗಿದ್ದರೆ ಕಡಿಮೆ ಒತ್ತಿದರೂ ತಿರುಗುತ್ತದೆ ಎಂಬ ಲೆಕ್ಕ. ಹಲಗೆಯ ಅಡಿಗೆ, ನೀರಿನಲ್ಲಿ ಹಿಡಿತ ಸಿಗಲೆಂದು ಮೀನಿನದರಂಥ ರೆಕ್ಕೆಗಳು, ಬೆರಳ ಕಡೆಗೆ ಉದ್ದನೆಯದು ಒಂದು, ಹಿಮ್ಮಡಿ ಕಡೆಗೆ ಪುಟ್ಟವು ಎರಡು. ಇಂಥ ಬೋರ್ಡುಗಳನ್ನು ಹೊರದೇಶಗಳಲ್ಲಿ ಪ್ರಯೋಗ ಎಂದು ಮಾಡುತ್ತಾರಂತೆ. ಇವರ ಕಾಲಿಗೆ ಎಂದು ಯಾರೂ ಮಾಡಿರಲಿಲ್ಲ.

"ಇದೇ ಕೊನೆ ಅಣ್ಣ. ಇದೂ ಎಡಕ್ಕೆ ತಿರುಗದಿದ್ರೆ ಬಿಟ್ಟೇಬಿಡ್ತೇನೆ. ದಂಡೆ ಮೇಲೆ ಕೂತು ಬೇರೆಯವ್ರನ್ನು ನೋಡ್ಲಿಕ್ಕೆ ನನ್ನಿಂದಾಗುವುದಿಲ್ಲ" ಎಂದರು. ನಗುತ್ತಲೇ ಹೇಳಿದರು. ಹೇಳುವಾಗ ಬಲಗಾಲನ್ನು ಎಡಗಾಲಿನ ಹಿಂದೆ ಮರೆಮಾಡಿಕೊಂಡಿದ್ದನ್ನು ನಾನು ನೋಡಿದೆ. ಒಪ್ಪಿಕೊಂಡುಬಿಟ್ಟೆ. ಸಮುದ್ರವನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಸರಿಯಾಗಿ ನೋಡಿರಲಿಲ್ಲ ಎನ್ನುವುದು ಬೇರೆ ಮಾತು.

ಒಳಗಿನ ತಿರುಳಿಗೆ ಹಗುರವಾದದ್ದು ಬೇಕು. ಪೇಟೆಯಲ್ಲಿ ಸಿಗುವ ದಪ್ಪ ಥರ್ಮಕೋಲ್ ತಂದೆ. ತೊಟ್ಟಿಗೆ ಬಳಸುವ ರೆಸಿನ್ ಅಂಟನ್ನೇ ಒಂದು ಚೂರಿಗೆ ಬಳಿದು ಟೀ ಕುಡಿಯಲು ಹೋದೆ. ಬಂದು ನೋಡಿದರೆ ಥರ್ಮಕೋಲ್ ಕರಗಿ ಅಂಟಂಟಾಗಿ ಮೇಜಿಗೆ ಹತ್ತಿಕೊಂಡಿತ್ತು. ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ಬಳಸಿದರೆ ಕರಗುವುದಿಲ್ಲ, ಅದು ಗೊತ್ತು. ಆದರೆ ಆ ಥರ್ಮಕೋಲನ್ನು ಕೈಯಲ್ಲಿ ಒತ್ತಿ ನೋಡಿದ ಮೇಡಂ, ಕಾಲಿಟ್ಟ ಕಡೆ ಕುಳಿ ಬೀಳುತ್ತದೆ, ಬೇಡ ಎಂದರು. ಹಗುರವೂ ಇರಬೇಕು, ಗಟ್ಟಿಯೂ ಇರಬೇಕು, ನೀರಲ್ಲಿ ತೇಲಬೇಕು. ಆಗ ನನಗೆ ಬೆಂಡು ನೆನಪಾಯಿತು.

ನಮ್ಮ ಕಡೆ ಹೊಲದ ಬೇಲಿಗೆ ಕತ್ತಾಳೆ ನೆಡುತ್ತಾರೆ. ವರ್ಷಗಟ್ಟಲೆ ಸುಮ್ಮನಿದ್ದ ಗಿಡ ಒಮ್ಮೆ ಹೂಬಿಡಲು ಆಳುದ್ದಕ್ಕೂ ಮೀರಿದ ಕಂಬ ಎಬ್ಬಿಸಿ, ಆಮೇಲೆ ಸತ್ತುಹೋಗುತ್ತದೆ. ಆ ಕಂಬ ನಿಂತಲ್ಲೇ ಒಣಗಿದರೆ ಅದೇ ಬೆಂಡು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ನೊರೆಯಂಥ ತಿರುಳು. ಅದರ ತುಂಡನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವರು ನಾವು. ಮೇಡಂಗೆ ಒಂದು ತುಂಡು ಕೊಟ್ಟೆ. ಉಗುರಿನಿಂದ ಗೀರಿದರು, ತೂಗಿದರು, ಮೂಸಿದರು. "ಇದು ಎಲ್ಲಿ ಉಂಟು?" ಎಂದು ಕೇಳಿದ ದನಿಯಲ್ಲೇ ಅವರು ಒಪ್ಪಿದ್ದು ಗೊತ್ತಾಯಿತು.

ಹುತ್ತೂರಿನ ಹತ್ತಿರ ನನ್ನ ಅಕ್ಕನ ಹೊಲ ಇದೆ. ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಮನೆ, ಸುತ್ತಲೂ ಹಳೆಯ ಕತ್ತಾಳೆ ಬೇಲಿ. ಮೇಡಂ ಜೊತೆ ಅಲ್ಲಿಗೆ ಹೋಗಿ, ಮುಳ್ಳಿನ ನಡುವೆ ನುಗ್ಗಿ ಒಣಗಿದ ಕಂಬಗಳನ್ನು ಬಡಿದು ನೋಡುತ್ತಿದ್ದ ನನ್ನನ್ನು ಕಂಡು ಅಕ್ಕ ಓಡಿಬಂದಳು.

"ಏನ್ಲಾ ತಮ್ಮಾ, ತೊಟ್ಟಿ ಮಾಡೋನಿಗೆ ಬೇಲಿ ತಾವ ಏನ್ ಕೆಲ್ಸ? ಯಾರ್ ಹೆಣ ಸುಡಕ್ಕೆ ಸೌದೆ?"

"ಸೌದೆ ಅಲ್ಲ ಅಕ್ಕ. ಸಮುದ್ರದ ಮೇಲೆ ಹೋಗೋ ಹಲಗೆ ಮಾಡ್ಬೇಕು."

ಅಕ್ಕ ಮೇಡಂ ಕಡೆ ತಿರುಗಿ, "ಇವ್ನು ಹೇಳ್ತಾ ಇರೋದು ದಿಟಾನೇನಮ್ಮಾ?" ಎಂದು ಕೇಳಿದಳು. ದಿಟ ಎಂದ ಮೇಲೆ ಅವಳೇ ಮಚ್ಚು ತಂದು, ಯಾವ ಕಂಬ ಹುಳ ತಿಂದಿದೆ ಯಾವುದು ಗಟ್ಟಿ ಎಂದು ತೋರಿಸಿದಳು.

ಕಂಬಗಳನ್ನು ಸಾಮಿಲ್ಲಿನಲ್ಲಿ ಉದ್ದಕ್ಕೆ ಸೀಳಿಸಿದೆವು. ಪೂರ್ತಿ ಒಣಗಲು ಇನ್ನೊಂದಿಷ್ಟು ಕಾಲ ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕಿತ್ತು. ನನ್ನ ಶೆಡ್ಡಿನಲ್ಲಿ ಜಾಗವಿಲ್ಲ. ಅಕ್ಕನ ಹುಳದ ಮನೆ ಖಾಲಿ ಇತ್ತು, ಆ ಬೆಳೆಯ ಗೂಡು ಮಾರಿ ಮುಂದಿನ ಬೆಳೆಗೆ ಇನ್ನೂ ಹುಳ ತಂದಿರಲಿಲ್ಲ. ಸೀಳುಗಳನ್ನು ಎರಡು ರಾಶಿಯಾಗಿ ಅಲ್ಲಿ ಪೇರಿಸಿದೆ. ದಪ್ಪನೆಯವು ಬಾಗಿಲ ಪಕ್ಕ, ತೆಳ್ಳನೆಯವು ಒಳಗೋಡೆಗೆ. ದಪ್ಪನೆಯವು ಬೆರಳ ಕಡೆಯ ಅಂಚಿಗೆ, ತೆಳ್ಳನೆಯವು ಹಿಮ್ಮಡಿ ಕಡೆಗೆ ಎಂದು ಮೊದಲೇ ವಿಂಗಡಿಸಿದ್ದೆ. ಕೀಲಿ ಅಕ್ಕನ ಕೈಯಲ್ಲಿ ಕೊಟ್ಟು ನಿಶ್ಚಿಂತೆಯಿಂದ ಮಾಲೂರಿಗೆ ಬಂದೆ.

ಒಣಗಿತು ಎಂದು ಅಂದಾಜಾದ ಮೇಲೆ ತಂದು, ಎಪಾಕ್ಸಿಯಲ್ಲಿ ಒಂದಕ್ಕೊಂದು ಅಂಟಿಸಿ, ಕ್ಲಾಂಪು ಬಿಗಿದು, ಉದ್ದನೆಯ ಹಲಗೆ ಮಾಡಿದೆವು. ಮೇಡಂ ರಜೆ ಹಾಕಿ ಬಂದು ತಾವೇ ಉಜ್ಜುಗೊರಡು ಹಿಡಿದರು. ಅಡಿಭಾಗ ಮುಂದೆ ಸ್ವಲ್ಪ ತಗ್ಗು, ಹಿಂದೆ ಚಪ್ಪಟೆ. ಅಂಚುಗಳನ್ನು ಅಂಗೈಯಿಂದ ಸವರಿ ಸವರಿ ಉಜ್ಜಿದರು. ನಾನು ಎರಡು ಕಡೆಗೂ ಫೈಬರ್ ಬಟ್ಟೆ ಹಾಸಿ, ರೆಸಿನ್ ಎಳೆದೆ. ಜೇನುಬಣ್ಣದ ಪಟ್ಟೆಗಳು ಮೇಲೆದ್ದು ಬಂದವು. ನನ್ನ ಕೈಯಿಂದ ಅಷ್ಟು ಚೆಂದದ ವಸ್ತು ಅಲ್ಲಿಯವರೆಗೆ ಬಂದಿರಲಿಲ್ಲ, ಸುಳ್ಳು ಹೇಳುವುದಿಲ್ಲ.

ಮಾರನೆಯ ದಿನ ಬಿಸಿಲಿಗೆ ಹೊರಗಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಬಾಣಲೆಯಲ್ಲಿನ ಪೂರಿಯ ಹಾಗೆ ಅಲ್ಲಲ್ಲಿ ಉಬ್ಬಿತು. ಒಂದು ಕಡೆ ಚಾಕು ತೂರಿಸಿದರೆ ಒಂದು ಗೇಣು ಬಟ್ಟೆ ಹಾಗೇ ಕಿತ್ತು ಬಂತು. ಒಳಗೆ ತೇವ. ಒಣಗಿದ ಬೆಂಡಿನಲ್ಲಿ ತೇವ ಎಲ್ಲಿಂದ ಬಂತು? ಮೂಗಿಟ್ಟು ನೋಡಿದೆ. ಬ್ಲೀಚಿಂಗ್ ಪೌಡರಿನ ವಾಸನೆ.

ಬೈಕು ಹತ್ತಿ ನೇರ ಅಕ್ಕನ ಮನೆಗೆ ಹೋದೆ. ಮೇಡಂ ಹಿಂದೆ ಕೂತಿದ್ದರು.

"ನೀನೇನಾದ್ರೂ ಬೆಂಡಿನ ಮೇಲೆ ನೀರ್ ಹಾಕಿದ್ಯಾ?" ಎಂದು ಕೂಗಾಡಿದೆ.

"ನೀರ್ ಯಾಕ್ ಹಾಕ್ಲಿ? ಬ್ಲೀಚಿಂಗ್ ಕಲ್ಸಿ ಹೊಡ್ದೆ" ಎಂದಳು ಅಕ್ಕ, ಏನೂ ಆಗದವಳ ಹಾಗೆ. "ಬೆಳೆ ಬೆಳೆಗೂ ಹುಳದ ಮನೆ ತೊಳ್ದು ಬ್ಲೀಚಿಂಗ್ ಹೊಡೀಬೇಕು. ಒಳಗೆ ಏನಿರ್ತದೋ ಎಲ್ಲದಕ್ಕೂ ಹೊಡೀಬೇಕು. ತಟ್ಟೆ ಆಗ್ಲಿ, ಹುಳ ಗೂಡು ಕಟ್ಟೋ ಚಂದ್ರಿಕೆ ಆಗ್ಲಿ, ನಿನ್ನ ಕತ್ತಾಳೆ ಆಗ್ಲಿ. ಬೇಲಿಯಿಂದ ತಂದಿದ್ದಲ್ವಾ? ಅದ್ರಲ್ಲಿ ಎಂಥ ರೋಗ ಐತೋ ಏನೋ. ನಾಳೆ ಹುಳಕ್ಕೆ ಹತ್ಕೊಂಡ್ರೆ ಬೆಳೆ ನೀನ್ ಕಟ್ಕೊಡ್ತೀಯೇನ್ಲಾ?"

ಹುಳ ಸಾಕುವವರ ಮನೆಯಲ್ಲಿ ಹುಟ್ಟಿದವನು ನಾನು. ಆ ಪದ್ಧತಿ ಗೊತ್ತಿಲ್ಲದೇ ಇರಲಿಲ್ಲ, ಬೆಂಡಿಗೂ ಹೊಡೆಯುತ್ತಾಳೆ ಎಂದು ಹೊಳೆದಿರಲಿಲ್ಲ ಅಷ್ಟೇ. ನಡೆದದ್ದು ಏನೆಂದು ಅರ್ಥವಾದ ಮೇಲೆ ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. "ಅಯ್ಯೋ, ಆ ಹುಡುಗಿ ಕಾಲಿಗೆ ಅಂತ ಮಾಡೋ ಹಲಗೆ ಅಂತ ಹೇಳಿದ್ದೆಯಲ್ಲೋ" ಎಂದಳು.

ಮೇಡಂ ಅವಳ ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಒಂದೇ ಮಾತು ಕೇಳಿದರು. "ಅಕ್ಕ, ಎರಡು ರಾಶಿಗೂ ಹೊಡೆದ್ರಾ?"

"ಇಲ್ಲಮ್ಮಾ. ಗೋಡೆ ತಾವಿದ್ದಿದ್ದು ಎಟುಕ್ಲಿಲ್ಲ. ಆಮೇಲೆ ಹೊಡೆಯವ ಅಂತ ಬಿಟ್ಟಿದ್ದೆ. ಅಷ್ಟ್ರಲ್ಲಿ ಇವ್ನು ತಗೊಂಡ್ ಹೋದ."

ಅಂದರೆ ಒದ್ದೆಯಾಗಿದ್ದು ದಪ್ಪನೆಯ ರಾಶಿ, ಬೆರಳ ಕಡೆಯ ಅರ್ಧ. ಹಿಮ್ಮಡಿ ಕಡೆಯ ಅರ್ಧ ನೆಟ್ಟಗಿದೆ. ಹಿಂದಿರುಗಿ ನೋಡಿದಾಗ ಅದೇ ನಿಜವಾಗಿತ್ತು, ಗುಳ್ಳೆಗಳೆಲ್ಲ ಬಲಮಗ್ಗುಲಲ್ಲೇ ಇದ್ದವು.

ಬೇಲಿಯಲ್ಲಿ ಇನ್ನು ಒಳ್ಳೆಯ ಕಂಬಗಳಿರಲಿಲ್ಲ. ಹೊಸದಾಗಿ ಹೂಬಿಟ್ಟು ಒಣಗಲು ಎಷ್ಟು ತಿಂಗಳೋ. ಮೇಡಂ ಹಲಗೆಯನ್ನು ಸುತ್ತುತ್ತಾ ಬಹಳ ಹೊತ್ತು ನೋಡಿದರು. ಕೊನೆಗೆ, "ಉದ್ದಕ್ಕೆ ಕುಯ್ದುಬಿಡಿ ಅಣ್ಣ, ಮಧ್ಯದಲ್ಲಿ" ಎಂದರು.

ಆನೆಯ ಸೊಂಡಿಲನ್ನು ಕತ್ತರಿಸಿ ಜೋಡಿಸಿದವನು ನಾನು, ಆದರೂ ಈ ಹಲಗೆಗೆ ಗರಗಸ ಇಡಲು ಕೈ ಬರಲಿಲ್ಲ. "ನಿಮ್ದು ಮೇಡಂ, ನೀವೇ ಯೋಚ್ನೆ ಮಾಡಿ ಹೇಳಿ" ಎಂದೆ. "ಯೋಚನೆ ಮಾಡಿಯೇ ಹೇಳಿದ್ದು" ಎಂದರು. ಸಾಮಿಲ್ಲಿನವನು ಇಬ್ಬರ ಮುಖವನ್ನೂ ನೋಡಿ, ಮೂರನೆಯ ಸಲವೂ ಕೇಳಿ ಖಾತ್ರಿ ಮಾಡಿಕೊಂಡು ಕುಯ್ದುಕೊಟ್ಟ.

ಎರಡು ಹೋಳನ್ನೂ ಶೆಡ್ಡಿನ ನೆಲದ ಮೇಲೆ ಅಕ್ಕಪಕ್ಕ ಇಟ್ಟೆವು. ಮೇಡಂ ಚಪ್ಪಲಿ ಬಿಟ್ಟು, ಎಡಗಾಲು ಮುಂದೆ ಬಲಗಾಲು ಹಿಂದೆ ಮಾಡಿ ಹತ್ತಿ ನಿಂತರು, ಬೆರಳು ಒಂದು ಹೋಳಿನ ಮೇಲೆ, ಹಿಮ್ಮಡಿ ಇನ್ನೊಂದರ ಮೇಲೆ. ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಒರಗಲು ನೋಡಿದರು. ಇಳಿದರು. ಒಳ್ಳೆಯ ಕಾಲಿನಿಂದ ಹಿಮ್ಮಡಿ ಕಡೆಯ ಹೋಳನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. ಮತ್ತೆ ಹತ್ತಿದರು, ಇಳಿದರು, ಇನ್ನೂ ತಳ್ಳಿದರು. ಈಗ ಹಿಮ್ಮಡಿ ಕಡೆಯ ಹೋಳು ಒಂದು ಗೇಣು ಮುಂದೆ ಹೋಗಿತ್ತು, ಅದರ ದುಂಡನೆಯ ಬಾಲ ಸರಿಯಾಗಿ ಅವರ ಬಲಹಿಮ್ಮಡಿಯ ಕೆಳಗೆ ಮುಗಿಯುತ್ತಿತ್ತು.

"ಇಲ್ಲಿ! ಇಲ್ಲಿಗೆ ಅಂಟಿಸಿ ಮಾರಾಯ್ರೆ" ಎಂದು ಕೂಗಿದರು. "ಮೊದ್ಲು ಬರೆಯುವಾಗ ಹೆದರಿಕೊಂಡು ಬರ್ದಿದ್ದೆ. ಚಂದ ಕಾಣ್ಬೇಕು ಅಂತ. ಇಷ್ಟು ಗಿಡ್ಡ ಮಾಡ್ಲಿಕ್ಕೆ ಧೈರ್ಯ ಬಂದಿರ್ಲಿಲ್ಲ."

ಕೆಲಸದ ದಿಕ್ಕೇ ಅಲ್ಲಿಂದ ಬದಲಾಯಿತು. ಒದ್ದೆ ಹೋಳಿನ ಬಟ್ಟೆ ಪೂರ್ತಿ ಕಿತ್ತೆ. ಕುಯ್ದ ಮುಖದಿಂದ ಒಳಕ್ಕೆ ಸಾಲಾಗಿ ತೂತು ಕೊರೆದು, ಉಳಿಯಿಂದ ತಿರುಳು ಕೆತ್ತಿ ಟೊಳ್ಳು ಮಾಡಿದೆ. ತೇವ ಹೊರಬರಲು ದಾರಿಯಾಯಿತು. ಆದರೆ ಮೋಡ ಕವಿದಿತ್ತು, ಬಿಸಿಲಿರಲಿಲ್ಲ. ಫೋನು ಮಾಡಿದ್ದು ಅಕ್ಕನೇ. "ಹುಳಕ್ಕೆ ಶಾಖ ಕೊಡೋ ಇದ್ದಿಲ ಒಲೆ ಐತೆ. ಆ ಹೋಳು ಇಲ್ಲಿಗೆ ತಗೊಂಡ್ ಬಾ. ಚಾಕಿ ಹುಳ ಇನ್ನಷ್ಟು ದಿನ ಬಿಟ್ಟು ತರ್ತೀನಿ ಅಂತ ಹೇಳಿ ಬಂದಿದ್ದೀನಿ" ಎಂದಳು. ಮರಿಹುಳ ತರುವುದನ್ನು ಮುಂದೂಡಿದರೆ ಹಿಪ್ಪುನೇರಳೆ ಸೊಪ್ಪು ಬಲಿತು ನಷ್ಟವಾಗುತ್ತದೆ. ಹುಳದ ಮನೆಯ ಬಾಗಿಲು ಮುಚ್ಚಿ, ಹದವಾದ ಶಾಖದಲ್ಲಿ ಆ ಹೋಳನ್ನು ಬಿದಿರಿನ ಚಂದ್ರಿಕೆಗಳ ಮೇಲೆ ಮಲಗಿಸಿ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದವಳು ಅವಳೇ. ಅಕ್ಕನ ಈ ಋಣ ನಾನು ತೀರಿಸುವ ಜಾತಿಯದಲ್ಲ.

ಒಣಗಿದ ಮೇಲೆ ಎರಡು ಹೋಳಿನ ನಡುವೆ ಸಿಲ್ವರ್ ಓಕ್ ಮರದ ತೆಳುವಾದ ಪಟ್ಟಿ ಇಟ್ಟು, ಮೇಡಂ ತಳ್ಳಿದ ಜಾಗಕ್ಕೇ ಜೋಡಿಸಿದೆ. ಮುಂದೆ ಚಾಚಿಕೊಂಡ ಮೂತಿಯನ್ನು ಸವರಿ ಒಂದಾಗಿಸಿದೆವು. ಟೊಳ್ಳಿನೊಳಗಿನ ಗಾಳಿ ಬಿಸಿಲಿಗೆ ಹಿಗ್ಗಿ ಮತ್ತೆ ಬಟ್ಟೆ ಎಬ್ಬಿಸದಿರಲಿ ಎಂದು ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ಕೂರಿಸಿದೆ. ನೆಲದ ಮೇಲಿದ್ದಾಗ ಸಡಿಲಿಸಬೇಕು, ನೀರಿಗಿಳಿಯುವ ಮುಂಚೆ ಬಿಗಿಯಬೇಕು. ಹೊಸ ಬಟ್ಟೆ, ಹೊಸ ರೆಸಿನ್. ರೆಕ್ಕೆಗಳನ್ನು ಬಿಚ್ಚಿ ಹಾಕುವ ಹಾಗೆ ಸ್ಕ್ರೂನಲ್ಲೇ ಕೂರಿಸಿದೆ. ಈ ಸಲ ಬಿಸಿಲಿಗಿಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕಾದೆ. ಒಂದು ಗುಳ್ಳೆಯೂ ಏಳಲಿಲ್ಲ. ನೋಡಲು ಮಾತ್ರ ಹಲಗೆ ಯಾರೋ ಒಂದು ಕಡೆ ಕಚ್ಚಿ ತಿಂದ ಹಾಗಿತ್ತು.

ಮೊದಲು ತೇಲಿಸಿದ್ದು ಅಕ್ಕನ ಕೃಷಿ ಹೊಂಡದಲ್ಲಿ. ಪ್ಲಾಸ್ಟಿಕ್ ಹಾಸಿದ ಹೊಂಡ, ಜಾರುತ್ತದೆ. ಹಗ್ಗ ಕಟ್ಟಿಕೊಂಡು ಮೇಡಂ ಇಳಿದರು. ಹಲಗೆ ತೇಲಿತು, ಆದರೆ ಎಡಕ್ಕೆ ವಾಲಿಕೊಂಡು.

"ಲೇ, ಸೊಟ್ಟ ಐತಲ್ಲೋ!" ಎಂದಳು ಅಕ್ಕ.

ಟೊಳ್ಳು ಮಾಡಿದ ಬಲಮಗ್ಗುಲು ಹಗುರವಾಗಿ ಮೇಲೆದ್ದಿತ್ತು. ನನಗೆ ನಾಚಿಕೆಯಾಯಿತು. ಎಲ್ಲಾದರೂ ಒಂದಿಷ್ಟು ಸೀಸ ಕೂರಿಸಿ ಸಮ ಮಾಡಿಕೊಡುತ್ತೇನೆ ಎಂದೆ. ಮೇಡಂ ಹಲಗೆಯ ಮೇಲೆ ಹೊಟ್ಟೆಯೂರಿ ಮಲಗಿ, ಕೈಯಿಂದ ನೀರು ತಳ್ಳುತ್ತಾ ಆ ಚಿಕ್ಕ ಹೊಂಡದಲ್ಲಿ ಸುತ್ತು ಹಾಕಿದರು. "ಮುಟ್ಬೇಡಿ ಅಣ್ಣ. ನನ್ನ ಹಿಮ್ಮಡಿ ಮಾಡ್ಲಿಕ್ಕೆ ಆಗದ ಕೆಲ್ಸವನ್ನು ಅರ್ಧ ಇದೇ ಮಾಡ್ತಾ ಉಂಟು" ಎಂದರು. ಅವರ ಮಾತು ನಂಬಿದೆನೋ ಇಲ್ಲವೋ ಗೊತ್ತಿಲ್ಲ, ಸೀಸದ ಸುದ್ದಿ ಎತ್ತಲಿಲ್ಲ.

ಸಮುದ್ರಕ್ಕೆ ಕರೆದುಕೊಂಡು ಹೋದದ್ದು ಮುಳಬಾಗಿಲಿನ ಒಬ್ಬ ಡ್ರೈವರ್. ಕೋಲಾರದ ಮಾರುಕಟ್ಟೆಯಿಂದ ಚೆನ್ನೈಗೆ ಟೊಮೆಟೊ ಒಯ್ಯುವವನು, ನನ್ನ ಹಳೆಯ ಪರಿಚಯ. ಬಸ್ಸಿನಲ್ಲಿ ಹಲಗೆ ಹಾಕಿಕೊಳ್ಳುವುದಿಲ್ಲ ಎಂದಿದ್ದರು. ಅಕ್ಕನ ಹಳೆಯ ಬಿಳಿ ಸೀರೆಯಲ್ಲಿ ಸುತ್ತಿದ ಹಲಗೆಯನ್ನು ನಾವು ಟೊಮೆಟೊ ಕ್ರೇಟುಗಳ ಮೇಲೆ ಏರಿಸುವಾಗ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏಂಟನ್ನಾ ಇದಿ? ಪಾಡೆ ಹಂಗೈತೆ. ಬಾರ್ಡರ್‌ನಾಗೆ ಪೊಲೀಸ್ನೋರು ಹೆಣ ಅಂದ್ಕೊಂಡು ಇಳಿಸ್ತಾರೆ ನೋಡು."

ಹೆಣ ಹೊರುವ ಚಟ್ಟಕ್ಕೆ ತೆಲುಗಿನಲ್ಲಿ ಪಾಡೆ ಎನ್ನುತ್ತಾರೆ. ಅಷ್ಟೆಂದವನು ಹಲಗೆಗೆ ನೋವಾಗಬಾರದೆಂದು ತನ್ನ ಹೊದಿಕೆಯನ್ನೇ ಕೆಳಗೆ ಹಾಸಿ ಹಗ್ಗ ಬಿಗಿದ. ಚೆನ್ನೈಯಲ್ಲಿ ಟೊಮೆಟೊ ಇಳಿಸಿ, ಮಲಗಲು ಹೋಗಬೇಕಾದವನು ನಮ್ಮ ಜೊತೆ ದಕ್ಷಿಣದ ಮೀನುಗಾರರ ಹಳ್ಳಿಯವರೆಗೂ ಬಂದ. ಬೆಳಕು ಹರಿದಿತ್ತು. ಕಲ್ಲು ಸುರಿದು ಕಟ್ಟಿದ ತಡೆಗೋಡೆಯ ಪಕ್ಕದಲ್ಲಿ ಅಲೆಗಳು ಒಂದರ ಹಿಂದೊಂದು ಬಲಕ್ಕೆ ಬಿಚ್ಚಿಕೊಳ್ಳುತ್ತಿದ್ದವು.

ಅಲ್ಲಿ ಆಗಬೇಕಾದದ್ದು ಇಷ್ಟೇ ಎಂದು ಮೇಡಂ ವಿವರಿಸಿದರು. ಅಲೆ ಹಿಡಿದು ಬೆರಳೊತ್ತಿ ಬಲಕ್ಕೆ ಹೋಗುವುದು. ಅಲೆಗಿಂತ ಮುಂದೆ ಹೋಗಿಬಿಟ್ಟಾಗ ಹಿಮ್ಮಡಿಯೊತ್ತಿ ಎಡಕ್ಕೆ, ನೊರೆಯ ಕಡೆಗೆ, ಹಿಂದಿರುಗುವುದು. ಬೀಳುತ್ತಿದ್ದದ್ದು ಆ ಹಿಂದಿರುಗುವಲ್ಲಿ.

ಹಿತ್ತಾಳೆ ಸ್ಕ್ರೂ ಬಿಗಿದುಕೊಟ್ಟೆ. ಹೋದರು. ಮೊದಲ ಅಲೆಯಲ್ಲಿ ಬಲಕ್ಕೆ ಹೋದ ಹಲಗೆಯ ಓಟ ನೋಡಿ ಡ್ರೈವರ್ ಶಿಳ್ಳೆ ಹೊಡೆದ. ಎಡಕ್ಕೆ ತಿರುಗಬೇಕಾದಲ್ಲಿ ಹಲಗೆ ನಿಂತುಹೋಯಿತು, ಮೇಡಂ ಹಿಂದಕ್ಕೆ ಬಿದ್ದರು. ಎರಡನೆಯ ಸಲವೂ ಅದೇ. ಮತ್ತೆ ಅದೇ. ನಾನು ಮರಳಿನ ಮೇಲೆ ಕೂತುಬಿಟ್ಟೆ. ಆ ಸೀಸದ ಯೋಚನೆಯೇ ಸರಿಯಿತ್ತೇನೋ, ಟೊಳ್ಳು ಮಾಡಬಾರದಿತ್ತೇನೋ ಎಂದು ತಲೆಯಲ್ಲಿ ಓಡುತ್ತಿತ್ತು. ಇದೇ ಕೊನೆ ಎಂದು ಅವರು ಹೇಳಿದ್ದು ನೆನಪಾಯಿತು.

ಅವರು ಹಲಗೆ ಎತ್ತಿಕೊಂಡು ಕುಂಟುತ್ತಾ ದಡಕ್ಕೆ ಬಂದರು. ಮುಖದಲ್ಲಿ ಸಿಟ್ಟಿತ್ತು, ಸೋತವರ ಮುಖ ಅಲ್ಲ.

"ತಿರುಗ್ಲಿಕ್ಕೆ ಹೊರಡ್ತದೆ ಅಣ್ಣ. ಯಾರೋ ಹಿಂದಿನಿಂದ ಬಾಲ ಹಿಡಿದ ಹಾಗೆ ಆಗ್ತದೆ. ಹಿಮ್ಮಡಿ ಕಡೆದು ಎರಡು ರೆಕ್ಕೆ ಜಾಸ್ತಿ ಆಯ್ತು. ಹಿಂದಿನದ್ದು ಬಿಚ್ಚಿ."

ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲೇ ಇತ್ತು. ಹಲಗೆ ಮಗುಚಿ ಆ ಪುಟ್ಟ ರೆಕ್ಕೆ ಕಳಚಿದೆ. ಕಾಲು ಜಾರದಿರಲೆಂದು ಹಲಗೆಗೆ ಉಜ್ಜುವ ಮೇಣವನ್ನೇ ಮೇಡಂ ಸ್ಕ್ರೂ ತೂತಿಗೆ ತುಂಬಿದರು. ಡ್ರೈವರ್ ಹಲಗೆಯ ಇನ್ನೊಂದು ತುದಿ ಹಿಡಿದು ಅವರನ್ನು ಮೊಣಕಾಲುದ್ದ ನೀರಿನವರೆಗೂ ಬಿಟ್ಟುಬಂದ. "ದೇವ್ರು ದೊಡ್ಡೋನು, ಏನೂ ಕಾಲೇದು" ಎಂದ ನನಗೆ. ಏನೂ ಆಗುವುದಿಲ್ಲ ಎಂದು ಅವನ ಕನ್ನಡ-ತೆಲುಗಿನಲ್ಲಿ ಧೈರ್ಯ ಹೇಳುತ್ತಿದ್ದ.

ಮುಂದಿನ ಅಲೆಯಲ್ಲಿ ಅವರು ಎದ್ದುನಿಂತರು. ಬಲಕ್ಕೆ ಹೋದರು. ಅಲೆ ಸಪ್ಪೆಯಾಗುವ ಜಾಗಕ್ಕೆ ಬಂದರು. ಎಡಭುಜವನ್ನು ಹಿಂದಕ್ಕೆ ತಿರುಗಿಸಿದರು. ಹಲಗೆ ಒಂದು ಕ್ಷಣ ಅಡ್ಡಡ್ಡ ಜಾರಿತು, ಬಿದ್ದರು ಎಂದುಕೊಂಡೆ. ಜಾರಿದ್ದು ಗಕ್ಕನೆ ಹಿಡಿದುಕೊಂಡಿತು. ಆ ಗಿಡ್ಡ ಮಗ್ಗುಲು ನೀರಿನೊಳಕ್ಕೆ ಇಳಿಯಿತು, ಹಲಗೆ ಬಲಹಿಮ್ಮಡಿಯ ಕೆಳಗೇ ಸುತ್ತಿ ಎಡಕ್ಕೆ ಮುಖ ಮಾಡಿತು. ಅವರು ನಿಂತೇ ಇದ್ದರು. ನೊರೆಯವರೆಗೂ ಹೋಗಿ, ನೊರೆಗೆ ಮೂತಿ ತಾಗಿಸಿ, ಮತ್ತೆ ಬಲಕ್ಕೆ ತಿರುಗಿದರು.

ನಾನು ಅತ್ತೆ. ಮುಚ್ಚಿಡುವುದೇನಿದೆ? ಡ್ರೈವರ್ ಕುಣಿಯುತ್ತಿದ್ದ. ಅಕ್ಕನಿಗೆ ಫೋನು ಹಚ್ಚಿದೆ.

"ತಿರುಗ್ತೇನ್ಲಾ?"

"ತಿರುಗ್ತು ಅಕ್ಕ."

"ಹಂಗಾದ್ರೆ ನಾನ್ ಬ್ಲೀಚಿಂಗ್ ಹೊಡ್ದಿದ್ದೇ ಒಳ್ಳೇದಾಯ್ತು ಅನ್ನು" ಎಂದಳು. ಹೌದು ಎಂದೆ. ಅವಳ ಸಮಾಧಾನಕ್ಕೆ ಹೇಳಿದ್ದಲ್ಲ, ಮನಸಾರೆ ಹೇಳಿದ್ದು. ಆ ತೇವ ಇಲ್ಲದಿದ್ದರೆ ಹಲಗೆ ಕುಯ್ಯುತ್ತಿರಲಿಲ್ಲ, ಕುಯ್ಯದಿದ್ದರೆ ಆ ಹೋಳು ಮುಂದಕ್ಕೆ ಸರಿಯುತ್ತಿರಲಿಲ್ಲ. ಬೆಂಡು ಕೊಟ್ಟವಳಿಗೂ, ಹೊದಿಕೆ ಹಾಸಿದವನಿಗೂ, ತೊಟ್ಟಿ ಮಾಡುವವನ ಮೇಲೆ ತನ್ನ ಕಾಲಿನ ಭಾರವನ್ನೆಲ್ಲ ನಂಬಿ ಹಾಕಿದ ಆ ಮೇಡಂಗೂ ನಾನು ಕೃತಜ್ಞ.

ಹೊತ್ತೇರಿತು. ಡ್ರೈವರ್ ಮುಳಬಾಗಿಲಿಗೆ ಹಿಂದಿರುಗಬೇಕಿತ್ತು. ದಡದಿಂದ ಕೂಗಿದೆವು. ಮೇಡಂ ದೂರದಿಂದಲೇ, ನೀವು ಹೋಗಿ, ನಾನು ಹೇಗಾದರೂ ಬರುತ್ತೇನೆ ಎಂದು ಕೈಸನ್ನೆ ಮಾಡಿದರು. ಗಾಡಿ ಹತ್ತುವ ಮುಂಚೆ ನಾವಿಬ್ಬರೂ ಒಮ್ಮೆ ತಿರುಗಿ ಕೈಬೀಸಿದೆವು. ಅವರು ನೋಡಲಿಲ್ಲ. ನಮ್ಮ ಕಡೆಗೆ ಬೆನ್ನು ಮಾಡಿ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಮುಂದಿನ ಅಲೆಯ ದಾರಿ ಕಾಯುತ್ತಿದ್ದರು.